ಶೇಷಪ್ಪನವರ ಹಲ್ಲು ಮತ್ತು ಹೆಸರುಮನೆಯ ಸೋರಿಕೆ

ಕೇಳಿ, ದಯವಿಟ್ಟು ಪೂರ್ತಿ ಕೇಳಿ. ಅರ್ಧಕ್ಕೆ ಎದ್ದು ಹೋಗ್ಬೇಡಿ. ಇದನ್ನ ಅರ್ಧ ಕೇಳಿದವರೆಲ್ಲ ಒಂದೋ ನನಗೆ ಕೈ ಮುಗೀತಾರೆ, ಇಲ್ಲಾ ಉಗೀತಾರೆ. ಎರಡರಿಂದಲೂ ನನಗೆ ಏನೂ ಉಪಯೋಗ ಇಲ್ಲ. ನನಗೆ ಬೇಕಿರೋದು ಒಂದು ಸಲಹೆ, ಅದೂ ನಾಳೆ ಬೆಳಕು ಹರಿಯೋದ್ರೊಳಗೆ. ಅದಕ್ಕೇ ಬಾಯಲ್ಲಿ ಬಂದಷ್ಟೇ ಸ್ಪೀಡಾಗಿ ಟೈಪ್ ಮಾಡ್ತಿದೀನಿ. ಕಾಗುಣಿತ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನನ್ನ ಹೆಸರು ಮಂಜರಿ. ನಮ್ಮೂರಲ್ಲಿ ಮನೆಗಳು ಒಂದೇ ಕಡೆ ನಿಲ್ಲಲ್ಲ. ಮಲಗೋವಾಗ ಕೆರೆ ದಂಡೆ ಮೇಲಿದ್ದ ಮನೆ, ಬೆಳಗ್ಗೆ ಬಾಗಿಲು ತೆಗೆದ್ರೆ ಬಸ್ ಸ್ಟ್ಯಾಂಡ್ ಹಿಂದೆ ಇರುತ್ತೆ. ಅಂಗಡಿ, ಸ್ಕೂಲು, ಹಿಟ್ಟಿನ ಗಿರಣಿ, ಆಸ್ಪತ್ರೆ ಇವೆಲ್ಲ ಅಲ್ಲಾಡಲ್ಲ, ಮನೆಗಳು ಮಾತ್ರ. ಬೇರೆ ಊರಿನವರು ಬಂದ್ರೆ ಅಯ್ಯೋ ಪಾಪ ಅಂತಾರೆ. ನಮಗೆ ಅವರನ್ನ ನೋಡಿದ್ರೇ ಪಾಪ ಅನ್ಸುತ್ತೆ, ಜೀವನ ಪೂರ್ತಿ ಅದೇ ಪಕ್ಕದ್ಮನೆಯವರ ಮುಖ ನೋಡ್ಬೇಕಲ್ಲ! ನಮ್ಮಲ್ಲಿ ಪಕ್ಕದ್ಮನೆಯಿಂದ ಒಂದು ಲೋಟ ಸಕ್ಕರೆ ತಂದ್ರೆ ಅವತ್ತೇ ವಾಪಸ್ ಕೊಟ್ಬಿಡ್ಬೇಕು. ಜಗಳ ಆಡೋದಿದ್ರೂ ಅಷ್ಟೇ, ಸಂಜೆಯೊಳಗೆ ಮುಗಿಸ್ಕೋಬೇಕು. ನಾಳೆ ಅವರು ಯಾವ ಮೂಲೇಲಿರ್ತಾರೋ ಯಾರಿಗೆ ಗೊತ್ತು.

ಹಂಗಾಗಿ ನಮ್ಮೂರಲ್ಲಿ ಮನೆಗೆ ವಿಳಾಸ ಇಲ್ಲ, ಹೆಸರು ಮಾತ್ರ. ಒಂದೇ ಹೆಸರು ಎರಡು ಮನೆಗೆ ಇರಂಗಿಲ್ಲ. ಆದ್ರೂ ಜನ ಗುರುಕೃಪಾ ಬಿಡಲ್ಲ. ಗುರುಕೃಪಾ ಇದೆ, ನಿಜವಾದ ಗುರುಕೃಪಾ ಇದೆ, ಇದೂ ಗುರುಕೃಪಾ ಅಂತ ಒಂದಿದೆ, ಅದಲ್ಲ ಇದು ಗುರುಕೃಪಾ ಅಂತಾನೂ ಒಂದಿದೆ. ಸಂಜೆ ಕೆಲಸ ಮುಗಿಸಿ ಮನೆಗೆ ಹೋಗೋವಾಗ ಎಲ್ರೂ ಹೆಸರುಮನೆ ಕಿಟಕಿ ಹತ್ರ ಬಂದು ತಮ್ಮ ಮನೆ ಹೆಸರು ಹೇಳ್ತಾರೆ, ಒಳಗಿರೋ ಸರ್ವರು "ಇವತ್ತು ಗಿರಣಿ ಪಕ್ಕ" ಅಂತ ಹೇಳುತ್ತೆ, ಹೋಗ್ತಾರೆ. ಅಷ್ಟೇ. ನಾನು ಕೆಲಸ ಮಾಡೋದು ಈ ಹೆಸರುಮನೇಲಿ. ಸರ್ವರ್ ನೋಡ್ಕೊಳ್ಳೋ ಹುಡುಗಿ ನಾನೇ. ಮೂರು ಸಲ ಅರ್ಜಿ ಹಾಕಿ ಸಿಕ್ಕಿದ ಕೆಲಸ, ಇದರ ಒಂದೊಂದು ಸ್ಕ್ರೂ ಮೇಲೂ ನನಗೆ ಪ್ರೀತಿ!

ಮನೆ ಎಲ್ಲಿದೆ ಅಂತ ಸರ್ವರಿಗೆ ಹೆಂಗೆ ಗೊತ್ತಾಗುತ್ತೆ ಅಂದ್ರೆ, ಮನೆಯವರೇ ಹೇಳ್ಬೇಕು. ಪ್ರತಿ ಮನೆಯಲ್ಲೂ ಒಂದು ಕೆಂಪು ಫೋನಿದೆ. ಅದರಿಂದ ಹೆಸರುಮನೆಗೆ ಮಾತ್ರ ಮಾಡ್ಬಹುದು, ಅದಕ್ಕೆ ಯಾರೂ ವಾಪಸ್ ಮಾಡೋಕಾಗಲ್ಲ. ಬೆಳಗ್ಗೆ ಎದ್ದು ಬಾಗಿಲು ತೆಗೆದು, ಎಲ್ಲಿದೀವಿ ಅಂತ ನೋಡಿ, ಆ ಫೋನ್ ಎತ್ತಿ ಜಾಗ ಹೇಳ್ಬೇಕು. ಜೊತೆಗೆ ಗುರುತಿನ ಮಾತು ಹೇಳ್ಬೇಕು. ಗುರುತಿನ ಮಾತು ಅಂದ್ರೆ ಆ ಮನೆಯವರಿಗೆ ಮಾತ್ರ ಗೊತ್ತಿರೋ ಒಂದು ವಾಕ್ಯ. ಅದು ಸರಿ ಇದ್ರೆ ಮಾತ್ರ ಸರ್ವರ್ ನಂಬುತ್ತೆ. ಇಲ್ಲಾಂದ್ರೆ ಯಾರೋ ಕಳ್ಳ ಬೇರೆ ಮನೆಯಿಂದ ಫೋನ್ ಮಾಡಿ "ಗುರುಕೃಪಾ ಇವತ್ತು ಇಲ್ಲಿದೆ" ಅಂದ್ರೆ, ಗುರುಕೃಪಾದ ಅಳಿಯ ಸೂಟ್‌ಕೇಸ್ ಸಮೇತ ಸೀದಾ ಕಳ್ಳನ ಮನೆಗೇ ಹೋಗ್ತಾನಲ್ಲ. ಮೂರು ಬೆಳಗ್ಗೆ ಸರಿಯಾದ ಕರೆ ಬರಲಿಲ್ಲ ಅಂದ್ರೆ, ಮೂರನೇ ದಿನ ಸೂರ್ಯ ಮುಳುಗೋವಾಗ ಸರ್ವರ್ ತಾನೇ ಆ ಹೆಸರು ಹೊಡೆದು ಹಾಕುತ್ತೆ. ಹೆಸರು ಹೋದ ಮನೆ ಆಮೇಲೆ ಯಾರ ಕಣ್ಣಿಗೂ ಬಿದ್ದಿಲ್ಲ. ಅದು ಎಲ್ಲಿಗೆ ಹೋಗುತ್ತೆ ಅಂತ ನಾವು ಮಾತಾಡಲ್ಲ.

ಈಗ ಎಡವಟ್ಟು ಎಲ್ಲಿ ಅಂದ್ರೆ, ನಮ್ಮೂರವರು ಈ ಫೋನ್ ಮಾಡೋದು ಹಲ್ಲುಜ್ತಾ. ನಿಜ! ಹಾಲಿನವನು ಬೆಳಗ್ಗೆ ಮೊದಲು ಕರೆ ಮಾಡಿದ ಮನೆಗಳಿಗೆ ಮೊದಲು ಹೋಗ್ತಾನೆ, ತಡ ಮಾಡಿದವರಿಗೆ ಕ್ಯಾನಿನ ತಳ. ಅದಕ್ಕೇ ಒಂದು ಕೈಯಲ್ಲಿ ಬ್ರಶ್ಶು, ಒಂದು ಕೈಯಲ್ಲಿ ಫೋನು, ಬಾಯಿ ತುಂಬ ನೊರೆ. ಗುರುತಿನ ಮಾತು ಅರ್ಧ ಸರಿಯಾಗಿ ಬರುತ್ತೆ, ಉಳಿದರ್ಧ ಬುಳುಬುಳು. ಸರ್ವರ್ "ಗುರುತು ಸಿಗಲಿಲ್ಲ" ಅನ್ನುತ್ತೆ, ಅವರು ಉಗುಳಿ ಬಂದು ಮತ್ತೆ ಮಾಡ್ತಾರೆ. ಎಷ್ಟೋ ವರ್ಷದಿಂದ ಹಿಂಗೇ ನಡೀತಿತ್ತು. ಆಗಾಗ ಸರ್ವರ್ ಬೀಳ್ತಿತ್ತು. ಬಿದ್ರೆ ಅವತ್ತು ಯಾರಿಗೂ ಅವರ ಮನೆ ಸಿಗಲ್ಲ. ಅದಕ್ಕೂ ಒಂದು ಪದ್ಧತಿ ಇದೆ, ಎದುರಿಗೆ ಸಿಕ್ಕಿದ ಮನೆಗೆ ನುಗ್ಗೋದು, ಅವರು ಏನೂ ಕೇಳದೆ ಊಟ ಹಾಕಿ ಚಾಪೆ ಕೊಡ್ಬೇಕು. ಚಳಿಗಾಲದಲ್ಲಿ ಊರಿಗೆಲ್ಲ ನೆಗಡಿ ಬಂದ್ರೆ ವಾರಕ್ಕೊಂದು ಸಲ ಬೀಳೋದು. ನಮ್ಮ ಹೆಸರುಮನೆ ಯಜಮಾನರು ಮಾಳಪ್ಪ ಸರ್, ಅದಕ್ಕೆ ಆಯಾಸ ಆಗಿದೆ ಅಂತ ಮಂಗಳವಾರ ಮಧ್ಯಾಹ್ನ ರಜೆ ಕೊಟ್ಟಿದ್ರು, ಒಂದು ಫ್ಯಾನ್ ಹಾಕ್ಸಿದ್ರು, ನಿಂಬೆಹಣ್ಣು ಕಟ್ಟಿಸಿದ್ರು.

ನಾನು ಸೇರಿದ್ಮೇಲೆ ಸುಮ್ನೆ ಕೂರಲಿಲ್ಲ. ಸರ್ವರ್ ಮೇಲೆ ಒಂದು ಮುಳ್ಳಿದೆ, ಮೆಮೊರಿ ಎಷ್ಟು ತುಂಬಿದೆ ಅಂತ ತೋರಿಸುತ್ತೆ. ಅದು ಸರಿಯಾದ ಕರೆಗೆ ಏರಿ ಇಳಿಯೋದು. ಪೂರ್ತಿ ತಪ್ಪು ಕರೆಗೂ ಏರಿ ಇಳಿಯೋದು. ಆದ್ರೆ ಅರ್ಧ ಸರಿ ಅರ್ಧ ತಪ್ಪು ಕರೆ ಬಂದಾಗ ಏರೋದು, ಇಳೀತಾನೇ ಇರಲಿಲ್ಲ! ನಾನು ಕುರ್ಚಿಯಿಂದ ಎದ್ದು ಕುಣಿದುಬಿಟ್ಟೆ. ಅಂದ್ರೆ ಏನಾಗ್ತಿತ್ತು ಗೊತ್ತಾ, ಅರ್ಧ ಗುರುತು ಬಂದಾಗ ಸರ್ವರ್ ಅದನ್ನ ಪರೀಕ್ಷೆ ಮಾಡೋಕೆ ಅಂತ ಕೈಗೆ ತಗೊಳ್ಳುತ್ತೆ, ಆಗಲ್ಲ ಅಂತ ಉತ್ತರ ಕೊಡುತ್ತೆ, ಆದ್ರೆ ಕೈಯಲ್ಲಿರೋದನ್ನ ಕೆಳಗಿಡೋದನ್ನ ಮರೆಯುತ್ತೆ. ಇನ್ನೊಂದು ಬರುತ್ತೆ, ಅದನ್ನೂ ಹಿಡ್ಕೊಳ್ಳುತ್ತೆ. ಹಿಂಗೆ ಹಿಡ್ಕೊಂಡು ಹಿಡ್ಕೊಂಡು, ಕೊನೆಗೆ ಒಂದು ಹೊಸ ಹೆಸರು ಹಿಡಿಯೋಕೂ ಕೈ ಖಾಲಿ ಇಲ್ದೆ ದೊಪ್ ಅಂತ ಬೀಳುತ್ತೆ.

ಮಾಳಪ್ಪ ಸರ್ ನಂಬಲಿಲ್ಲ. "ಆಯಾಸ ಮಂಜರಿ, ಅದಕ್ಕೆ ಆಯಾಸ" ಅಂದ್ರು. ಅವರು ಆಗ ಒಗ್ಗರಣೆ ಅವಲಕ್ಕಿ ತಿಂತಿದ್ರು. ನಾನು, "ಸರ್, ನುಂಗ್ಬೇಡಿ, ಹಂಗೇ ಬಾಯಲ್ಲಿಟ್ಕೊಂಡು ಈ ಟೆಸ್ಟ್ ಫೋನಲ್ಲಿ ಗುರುತಿನ ಮಾತು ಹೇಳಿ" ಅಂದೆ. ಹೇಳಿದ್ರು. ಮುಳ್ಳು ಒಂದು ಕೂದಲೆಳೆ ಏರಿ ಅಲ್ಲೇ ನಿಂತ್ಕೊಂತು. ಅವರ ಕಣ್ಣು ಅರಳಿತು. ಇನ್ನೊಂದು ತುತ್ತು ಹಾಕ್ಕೊಂಡು ಮತ್ತೆ ಹೇಳಿದ್ರು, ಮತ್ತೆ ಏರ್ತು. "ಇನ್ನೊಂದ್ಸಲ" ಅಂದ್ರು. ತಟ್ಟೆ ಖಾಲಿ ಆಯ್ತು, ಎದುರು ಅಂಗಡಿಯಿಂದ ಇನ್ನೊಂದು ತಟ್ಟೆ ತರಿಸಿದ್ರು. ಮುಳ್ಳು ಕೆಂಪು ಗೆರೆ ಹತ್ರ ಬಂದಾಗ ನಾನೇ ತಟ್ಟೆ ಕಿತ್ಕೋಬೇಕಾಯ್ತು. "ಅಲ್ಲ ಸರ್, ಊರು ಬೀಳಿಸ್ತೀರಾ?" ಅಂದ್ರೆ, ಅವರು ಬೆರಳು ನೆಕ್ತಾ, "ಲೇ, ಅಂದ್ರೆ ಯಾವನಾದ್ರೂ ಪಾಪಿ ಮನೇಲಿ ಕೂತು ಅವಲಕ್ಕಿ ತಿಂತಾ ಇಡೀ ಊರನ್ನ ಮನೆಗೆ ಹೋಗದಂಗೆ ಮಾಡ್ಬಹುದಾ?" ಅಂದ್ರು. "ಅದನ್ನೇ ಬಂದಾಗಿಂದ ಹೇಳ್ತಿದೀನಿ ಸರ್."

ಅವತ್ತೇ ನದಿ ಆಚೆ ಇರೋ ಸಾಫ್ಟ್‌ವೇರ್ ಮಾಡೋವ್ರಿಗೆ ಬರೆದೆ. ನಾವು ಅದರೊಳಗೆ ಕೈ ಹಾಕೋಕಾಗಲ್ಲ, ಅವರು ಕಳಿಸಿದ ಟೇಪನ್ನ ಹಾಕೋದಷ್ಟೇ ನಮ್ಮ ಕೆಲಸ. ಅವರು ಹೌದು ತೂತಿದೆ ಅಂತ ಒಪ್ಕೊಂಡು ತೇಪೆ ಕಳಿಸ್ತೀವಿ ಅಂದ್ರು. ಟೇಪಲ್ಲಿ ಬರೋ ರಿಪೇರಿಗೆ ನಾವು ತೇಪೆ ಅಂತೀವಿ, ಬಟ್ಟೆಗೆ ಹಾಕ್ತೀವಲ್ಲ ಹಂಗೆ. ತೇಪೆ ಬಂದ ದಿನ ನನಗೆ ಹಬ್ಬ. ಮಾಳಪ್ಪ ಸರ್ ಊಟಕ್ಕೆ ಹೊರಡ್ತಾ, "ನಾನು ಬರೋದ್ರೊಳಗೆ ಹಾಕಿರು. ಮುಳ್ಳು ಆಗ್ಲೇ ಮೇಲಿದೆ, ಊರಲ್ಲಿ ನೆಗಡಿ ಜೋರು" ಅಂದ್ರು. ಹಾಕೋದು ಸುಲಭ. ಸರ್ವರ್ ಆರ್ಸಿ, ಟೇಪ್ ಹಾಕಿ, ಮತ್ತೆ ಹೊತ್ಸೋದು. ಹಿಡ್ಕೊಂಡಿರೋ ಅರ್ಧ ಗುರುತುಗಳೆಲ್ಲ ಖಾಲಿಯಾಗಿ ಮುಳ್ಳು ಕೆಳಗೆ ಬರುತ್ತೆ. ನಾನು ಟೇಪಿನ ಕವರ್ ಬಿಚ್ಚಿದ್ದೆ, ಅಷ್ಟೇ. ಅಂಬುಜತ್ತೆ ಬಂದ್ಳು.

ಅಂಬುಜತ್ತೆ ನನಗೆ ಸ್ವಂತ ಅತ್ತೆ ಅಲ್ಲ, ಎದುರಿನ ತಿಂಡಿ ಅಂಗಡಿ ಅವಳದ್ದು. ಆ ಅವಲಕ್ಕಿ ಅವಳದ್ದೇ. ನಾನು ಕೆಲಸಕ್ಕೆ ಸೇರಿದಾಗಿಂದ ನನ್ನ ಹೊಟ್ಟೆ ನೋಡ್ಕೊಂಡೋಳು ಅವಳು. ಗಂಡ ಶೇಷಪ್ಪನೋರು, ಮೊದಲು ನಾಟಕದ ಕಂಪನೀಲಿ ರಾಜನ ಪಾರ್ಟು ಮಾಡ್ತಿದ್ರು, ಈಗಲೂ ನೀರು ಕೇಳೋದಿದ್ರೂ ದರ್ಬಾರಿನ ಧ್ವನೀಲೇ ಕೇಳ್ತಾರೆ. ಇಬ್ರೂ ದಿನಾ ಜಗಳ ಆಡೋರು. ಮನೆ ಹೆಸರು ಶಾಂತಿಸದನ.

ಅತ್ತೆ ಒಂದು ಸ್ಟೀಲ್ ಡಬ್ಬಿ ಎದೆಗೆ ಒತ್ಕೊಂಡು ನಿಂತಿದ್ಳು. "ಮಂಜೂ, ಇವತ್ತೂ ಶಾಂತಿಸದನ ಇಲ್ಲ ಅಂತಿದೆಯಲ್ಲೇ ನಿನ್ನ ಸರ್ವರು."

"ಮಾವ ಇನ್ನೂ ಮುನಿಸ್ಕೊಂಡಿದಾರಾ ಅತ್ತೆ?"

ಯಾಕಂದ್ರೆ ಅವಳೇ ಹಂಗಂತ ಹೇಳಿದ್ಳು. ಮೂರು ದಿನದ ಹಿಂದೆ ಶೇಷಪ್ಪನೋರು ಅವಳ ಕೋಡುಬಳೆ ಕಚ್ಚಿ ಹಲ್ಲು ಸೆಟ್ಟು ಮುರ್ಕೊಂಡ್ರು. ಅವರ ಬಾಯಲ್ಲಿ ಒಂದೂ ಸ್ವಂತ ಹಲ್ಲಿಲ್ಲ. ಕೋಡುಬಳೆ ಕಲ್ಲು ಅಂತ ಅವರು, ನಿಮ್ಮ ಹಲ್ಲೇ ಸುಳ್ಳು ಅಂತ ಇವಳು. ಜಗಳ ಆಡಿ ಸೆಟ್ಟನ್ನ ರಿಪೇರಿಗೆ ಅಂತ ತಗೊಂಡು ಬಂದವಳು, ಆ ರಾತ್ರಿ ಸಿಟ್ಟಲ್ಲಿ ಅಂಗಡೀಲೇ ಮಲಗಿದ್ಳು. ಬೆಳಗ್ಗೆ ಮನೆ ಜಾಗ ಬದಲಾಯ್ತು. ಕೇಳಿದ್ರೆ ಕರೆ ಬಂದಿಲ್ಲ ಅಂತು ಸರ್ವರ್. "ಮಾಡ್ಬೇಡ, ಇನ್ನೊಂದಿನ ಅಂಗಡೀಲೇ ಇರ್ತೀನಿ, ನನಗೇನು" ಅಂತ ಇವಳೂ ಬಿಗಿದ್ಳು. ಎರಡನೇ ದಿನವೂ ಅದೇ. ಇವಳೇ ಊರೆಲ್ಲ ಸುತ್ತಿ ಹುಡುಕಿದ್ಳು. ನಮ್ಮೂರ ಮನೆಗಳು ಹೊರಗಿಂದ ಒಂದೇ ಥರ, ಎಲ್ಲಕ್ಕೂ ಅದೇ ಹಳದಿ ಸುಣ್ಣ. ಎಷ್ಟು ಬಾಗಿಲು ಅಂತ ಬಡೀತಾಳೆ ಪಾಪ. ಇವತ್ತು ಮೂರನೇ ದಿನ.

"ಮುನಿಸು ಅಲ್ವೇ ಅದು" ಅಂದ್ಳು. ಡಬ್ಬಿ ಮುಚ್ಚಳ ತೆಗೆದ್ಳು. ಒಳಗೆ ಎರಡು ಸಾಲು ಹಲ್ಲು, ರಿಪೇರಿಯಾಗಿ ಪಳಪಳ ಅಂತಿದ್ವು. "ಈಗ ಹಲ್ಲಿನ ಡಾಕ್ಟ್ರು ಕೊಟ್ರು. ಇದನ್ನ ನೋಡಿದ ತಕ್ಷಣ ಹೊಳೀತು. ಆ ಮನುಷ್ಯ ಫೋನ್ ಮಾಡ್ತಾನೇ ಇದಾನೆ ಕಣೇ! ಹಲ್ಲಿಲ್ದೆ ಹೇಳ್ತಿದಾನೆ, ನಿನ್ನ ಮಿಷನ್ನಿಗೆ ಅರ್ಥ ಆಗ್ತಿಲ್ಲ. ನಮ್ಮ ಗುರುತಿನ ಮಾತು ನಾಟಕದ ಡೈಲಾಗು, ಹಲ್ಲಿರೋರಿಗೇ ಕಷ್ಟ."

ಅಂದ್ರೆ ನೋಡಿ. ಮನೆ ಸಿಗಲ್ಲ, ಯಾಕಂದ್ರೆ ಅವರಿಗೆ ಹಲ್ಲಿಲ್ಲ. ಹಲ್ಲಿಲ್ಲ, ಯಾಕಂದ್ರೆ ಇವಳಿಗೆ ಮನೆ ಸಿಗಲ್ಲ.

"ಅವರು ಈಚೆ ಬಂದು ಇಲ್ಲೀ ತನಕ ನಡ್ಕೊಂಡು ಬರಬಹುದಲ್ಲ ಅತ್ತೆ?"

"ಬೊಚ್ಚುಬಾಯಲ್ಲಾ? ಅವನಾ? ಸಾಯ್ತಾನೆ ಹೊರತು ಬೀದಿಗಿಳಿಯಲ್ಲ. ನನ್ನ ಮುಂದೇನೇ ಸೆಟ್ ತೆಗೆಯೋವಾಗ ಟವಲ್ ಅಡ್ಡ ಹಿಡೀತಾನೆ." ಆಮೇಲೆ ಅವಳ ಧ್ವನಿ ಸಣ್ಣಗಾಯ್ತು. "ಇವತ್ತು ಹೊತ್ತು ಮುಳುಗಿದ್ರೆ ಹೆಸರು ಹೋಗುತ್ತೆ ಅಲ್ವಾ ಮಂಜೂ? ಅವನು ಒಳಗೇ ಇದಾನೆ."

ಅವಳು ಅತ್ತಿದ್ರೆ ನಾನು ಏನೋ ಸಮಾಧಾನ ಹೇಳಿ ತೇಪೆ ಹಾಕ್ಬಿಡ್ತಿದ್ದೆನೋ ಏನೋ. ಅಳಲಿಲ್ಲ. ಡಬ್ಬಿ ಮುಚ್ಚಳ ಗಟ್ಟಿಯಾಗಿ ಹಾಕಿ, ಬಿದ್ದು ಹೋಗ್ಬಾರ್ದು ಅಂತ ಸೆರಗಲ್ಲಿ ಗಂಟು ಕಟ್ಕೊಂಡ್ಳು. ಅದನ್ನ ನೋಡಿ ನನಗೆ ತಲೇಲಿ ಟಣ್ ಅಂತು. ಸರ್ವರ್ ಅರ್ಧ ಗುರುತುಗಳನ್ನ ಕೆಳಗಿಡಲ್ಲ! ಬೆಳಗ್ಗೆ ಶೇಷಪ್ಪ ಮಾವ ಮಾಡಿದ ಕರೆ, ಜಾಗದ ಸಮೇತ, ಅದು ಹಿಡ್ಕೊಂಡಿರೋ ಕರೆಗಳ ಗುಡ್ಡೇಲಿ ಇದ್ದೇ ಇರುತ್ತೆ. ನಾನೇ ಕಂಡುಹಿಡಿದ ತೂತು, ನಾನೇ ಬೈದು ಮುಚ್ಚಿಸ್ಬೇಕು ಅಂತ ಬರೆದ ತೂತು, ಅದೊಂದೇ ಅವರನ್ನ ಹಿಡ್ಕೊಂಡು ಕೂತಿದೆ.

ಆದ್ರೆ ಆ ಗುಡ್ಡೆ ಕೇಳೋದು ಅಂದ್ರೆ ಊರವರ ಗುಟ್ಟು ಕೇಳೋದು. ಹೆಸರುಮನೆಗೆ ಸೇರೋವಾಗ ಪ್ರಮಾಣ ಮಾಡಿಸ್ತಾರೆ, ಇನ್ನೊಬ್ಬರ ಗುರುತಿನ ಮಾತು ಕಿವಿಗೆ ಹಾಕ್ಕೊಳ್ಳಲ್ಲ ಅಂತ. ಜೊತೆಗೆ ಗುಡ್ಡೆಯಿಂದ ಒಂದನ್ನ ತೆಗೆದು ಕೇಳಿದ್ರೆ ಅದು ಇನ್ನೊಂದು ಪ್ರತಿಯಾಗಿ ಮೆಮೊರೀಲಿ ಕೂರುತ್ತೆ, ಮುಳ್ಳು ಇನ್ನೂ ಏರುತ್ತೆ. ಮುಳ್ಳು ಆಗ್ಲೇ ಕೆಂಪಿನ ಪಕ್ಕದಲ್ಲಿತ್ತು. ತೇಪೆ ಹಾಕಿದ್ರೆ ಊರು ಉಳಿಯುತ್ತೆ, ಗುಡ್ಡೆ ಅಳಿಸಿಹೋಗುತ್ತೆ. ಗುಡ್ಡೆ ಕೇಳ್ತಾ ಕೂತ್ರೆ ಸರ್ವರ್ ಬೀಳುತ್ತೆ, ಸಂಜೆ ಇಡೀ ಊರಿಗೆ ಮನೆ ಇಲ್ಲ.

ನಾನು ಟೇಪನ್ನ ಪಕ್ಕಕ್ಕಿಟ್ಟೆ. ಅತ್ತೆಯನ್ನ ಒಳಗೆ ಕರ್ಕೊಂಡು ಚಿಲಕ ಹಾಕ್ದೆ. ಅವಳ ಗಂಡನ ಧ್ವನಿ ಗುರುತು ಹಿಡಿಯೋಕೆ ಅವಳೇ ಬೇಕಿತ್ತು. ಇದ್ದಿದ್ದು ಒಂದೇ ಹೆಡ್‌ಫೋನು, ಒಂದು ಕಿವಿ ಅವಳಿಗೆ, ಒಂದು ನನಗೆ, ತಲೆಗೆ ತಲೆ ಒತ್ಕೊಂಡು ಕೂತ್ವಿ.

ಅಯ್ಯೋ ದೇವರೇ, ಏನೇನು ಕೇಳಿದ್ವಿ! ಗುರುತಿನ ಮಾತನ್ನ ಬೇರೆ ಯಾರೂ ಊಹಿಸಬಾರದಲ್ಲ, ಅದಕ್ಕೆ ಜನ ಇನ್ನೊಬ್ಬರ ಮುಂದೆ ಜನ್ಮದಲ್ಲಿ ಹೇಳದಿರೋದನ್ನೇ ಇಟ್ಕೊಂಡಿದಾರೆ. "ನಮ್ಮತ್ತೆ ಮಾಡಿದ ಮೇಲೋಗರನ ನಾನು ಹದಿನ..." ಬುಳುಬುಳು. "ಮದುವೆ ದಿನ ನಾನು ಓಡಿ ಹೋಗೋಕೆ ಸೈಕಲ್ ರೆಡಿ ಮಾ..." ಆಕ್ಷೀ! ಒಬ್ಬರು ಗಂಭೀರವಾಗಿ, "ನಾನು ಡಾಕ್ಟರು, ಆದ್ರೆ ಸೂಜಿ ಕಂಡ್ರೆ ನಂಗೇ ಹೆ..." ಅಂದು ಗೊಳಗೊಳ ಬಾಯಿ ಮುಕ್ಕಳಿಸಿದ್ರು. ಅತ್ತೆ, "ಶಿವ ಶಿವ, ಪಾಪ ಕಣೇ, ಕೇಳ್ಬಾರ್ದು" ಅಂತ ಸೆರಗಿಂದ ಕಿವಿ ಮುಚ್ಕೊಂಡ್ಳು. ಹೆಡ್‌ಫೋನ್ ಇಲ್ದಿರೋ ಕಿವಿನ. ಆಮೇಲೆ, "ಲೇ, ಆ ಸೈಕಲ್‌ದು ಯಾರ್ದು, ಇನ್ನೊಂದ್ಸಲ ಹಾಕು" ಅಂದ್ಳು. "ಅತ್ತೆ! ಮುಳ್ಳು ನೋಡಿ!" ಮುಳ್ಳು ಕೆಂಪಿಗೆ ಕಾಲಿಟ್ಟಿತ್ತು. ಹೊರಗೆ ಕಿಟಕೀಲಿ ಜನ ಬೈಯ್ಯೋಕೆ ಶುರು ಮಾಡಿದ್ರು. ಸರ್ವರ್ ಅಷ್ಟು ನಿಧಾನ ಆಗಿತ್ತು, "ಇವತ್ತು" ಅಂತ ಹೇಳಿ "ಎಲ್ಲಿ" ಅಂತ ಹೇಳೋದ್ರೊಳಗೆ ಜನ ಒಂದು ಬೀಡಿ ಮುಗಿಸ್ತಿದ್ರು.

ಮಾಳಪ್ಪ ಸರ್ ಬಂದು ಬಾಗಿಲು ಬಡಿದ್ರು. "ಮಂಜರೀ! ತೇಪೆ ಹಾಕಿದ್ಯೇನೇ?"

"ಹಾಕ್ತಿದೀನಿ ಸರ್!"

"ಒಳಗೆ ಯಾರೋ ನಗ್ತಿದಾರಲ್ಲ?"

"ಸರ್ವರ್ ಸೌಂಡು ಸರ್!"

ಅಷ್ಟರಲ್ಲಿ ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ಳು. ನನಗೆ ಮೊದಲು ಬರೀ ಗಾಳಿ ಶಬ್ದ ಕೇಳಿಸ್ತು, ಟ್ಯೂಬಿಂದ ಗಾಳಿ ಬಿಟ್ಟಂಗೆ. ಆದ್ರೆ ಆ ಗಾಳಿಗೆ ಒಂದು ಗತ್ತಿತ್ತು. ಕಿರೀಟ ಹಾಕ್ಕೊಂಡ ಗಾಳಿ! ಡೈಲಾಗು ಮೊದಲಿಂದ ಕೊನೇವರೆಗೆ, ಎಲ್ಲೆಲ್ಲಿ ಏರಿಸ್ಬೇಕೋ ಏರಿಸಿ, ಎಲ್ಲೆಲ್ಲಿ ನಿಲ್ಲಿಸ್ಬೇಕೋ ನಿಲ್ಲಿಸಿ, ಪೂರ್ತಿ ಹೇಳಿದ್ರು. ಹಲ್ಲು ತಾಗ್ಬೇಕಾದ ಅಕ್ಷರ ಮಾತ್ರ ಒಂದೂ ಇರಲಿಲ್ಲ. ಆಮೇಲೆ ಜಾಗ, "ಊರಾಚೆ ಕೋಳಿ ಫಾರಂ" ಅಂತ, ಅದು ಸ್ಪಷ್ಟವಾಗೇ ಬಂತು, ಹಿಂದೆ ಕೋಳಿಗಳೂ ಕೂಗಿ ಸಾಕ್ಷಿ ಹೇಳಿದ್ವು. ಫೋನ್ ಇಡಲಿಲ್ಲ ಅವರು. ದರ್ಬಾರಿನ ಧ್ವನಿ ಬಿಟ್ಟು, "ಅಂಬೂ, ಕೋಡುಬಳೆ ಚೆನ್ನಾಗೇ ಇತ್ತು ಕಣೇ" ಅಂದ್ರು. ಯಾರಿಗೂ ಕೇಳಿಸದ ಫೋನಿಗೆ.

ಅತ್ತೆ ಹೆಡ್‌ಫೋನ್ ಕಿತ್ತು, ಎದ್ದು, ಚಿಲಕ ತೆಗೆದು, ಮಾಳಪ್ಪ ಸರ್‌ನ ತಳ್ಕೊಂಡು ಓಡಿದ್ಳು. ನಾನು ಟೇಪಿಗೆ ಕೈ ಹಾಕೋದಕ್ಕೂ ಸರ್ವರ್ ಬೀಳೋದಕ್ಕೂ ಸರಿಹೋಯ್ತು. ಇಷ್ಟು ವರ್ಷದಲ್ಲಿ ಅದು ಅಷ್ಟು ಜೋರಾಗಿ ಬಿದ್ದಿರಲಿಲ್ಲವಂತೆ. ಮತ್ತೆ ಹೊತ್ಸಿದ್ರೆ ಬರಲೇ ಇಲ್ಲ. ಫ್ಯೂಸ್ ಸುಟ್ಟಿತ್ತು, ತರೋಕೆ ಹೋದವನಿಗೆ ಎಲೆಕ್ಟ್ರಿಷಿಯನ್ ಮನೆ ಎಲ್ಲಿದೆ ಅಂತ ಗೊತ್ತಾಗ್ಬೇಕಲ್ಲ, ಕೇಳೋಕೆ ಸರ್ವರ್ ಇಲ್ಲ.

ಸೂರ್ಯ ಮುಳುಗೋದನ್ನ ನಾನು ಹೆಸರುಮನೆ ಮೆಟ್ಟಿಲ ಮೇಲೆ ಕೂತು ನೋಡ್ದೆ. ಅತ್ತೆ ತಲುಪಿರ್ತಾಳೆ, ಮಾವ ಹಲ್ಲು ಹಾಕ್ಕೊಂಡು ಫೋನ್ ಮಾಡ್ತಿರ್ತಾರೆ, ಈ ಕಡೆ ಎತ್ತೋಕೆ ಯಾರೂ ಇಲ್ಲ. ನಾನೇ ಬೀಳಿಸಿದ್ದು. ಆಮೇಲೆ ಹೊಳೀತು ನೋಡಿ. ಹೆಸರು ಹೊಡೆದು ಹಾಕೋದು ಯಾರು? ಸರ್ವರೇ ಅಲ್ವಾ! ಬಿದ್ದಿರೋ ಸರ್ವರ್ ಯಾರ ಹೆಸರನ್ನ ಹೊಡೆಯುತ್ತೆ? ನಾನು ಒಬ್ಬಳೇ ನಕ್ಕಿದ್ದನ್ನ ನೋಡಿ ಪಕ್ಕದಲ್ಲಿ ಚಾಪೆ ಹುಡುಕ್ತಿದ್ದ ಬಸ್ ಕಂಡಕ್ಟರ್ ದೂರ ಹೋಗಿ ಕೂತ.

ಆ ಸಂಜೆ ಊರೆಲ್ಲ ಸಿಕ್ಕಿದ ಮನೆಗೆ ನುಗ್ಗಿದ್ರು. ಮಾಳಪ್ಪ ಸರ್‌ಗೆ ಸಿಕ್ಕಿದ್ದು ಅವರ ಬೀಗರ ಮನೆ, ಮದುವೇಲಿ ಹಪ್ಪಳ ಕಡಿಮೆ ಬಂತು ಅಂತ ಮಾತು ಬಿಟ್ಟಿದ್ದ ಬೀಗರು. ಬೀಗರು ಪದ್ಧತಿ ಪ್ರಕಾರ ಏನೂ ಕೇಳದೆ ಊಟ ಹಾಕಿದ್ರು, ಬರೀ ಹಪ್ಪಳ. ಬೆಳಗ್ಗೆ ಫ್ಯೂಸ್ ಬಂತು, ನಾನು ತೇಪೆ ಹಾಕಿ ಸರ್ವರ್ ಹೊತ್ಸಿದೆ. ಮೊದಲನೇ ಕರೆ ಶಾಂತಿಸದನದ್ದು. ಸರ್ವರ್ ಆ ಡೈಲಾಗ್ ಕೇಳಿ ಒಂದೇ ಸಲಕ್ಕೆ "ಗುರುತು ಸಿಕ್ಕಿತು" ಅಂತು. ನಾನು ಮೇಜಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ.

ಇಲ್ಲಿಗೆ ಮುಗಿದಿದ್ರೆ ನಿಮ್ಮನ್ನ ಯಾಕೆ ಕರೀತಿದ್ದೆ. ತೇಪೆ ಅದ್ಭುತವಾಗಿದೆ. ಈಗ ಸರ್ವರ್ ಅರ್ಧ ಗುರುತು ಬಂದ ತಕ್ಷಣ ಆಗಲ್ಲ ಅನ್ನುತ್ತೆ, ಕೆಳಗೆ ಹಾಕುತ್ತೆ, ಮರೀತು. ಮುಳ್ಳು ತಳದಲ್ಲಿ ಮಲಗಿದೆ. ಮಾಳಪ್ಪ ಸರ್ ನಿಂಬೆಹಣ್ಣು ಬಿಚ್ಚಿಸಿದ್ರು. ಅಷ್ಟೊತ್ತಿಗೆ ಸಾಫ್ಟ್‌ವೇರಿನವರು ಅವರ ಪದ್ಧತಿ ಪ್ರಕಾರ ಊರೂರಿಗೂ ನೋಟಿಸ್ ಹಾಕಿದ್ರು, ಹಳೇ ಟೇಪಲ್ಲಿ ಇಂಥಾ ತೂತಿದೆ, ಅರ್ಧ ಗುರುತು ಹೇಳಿದ್ರೆ ಬೀಳುತ್ತೆ, ಬೇಗ ತೇಪೆ ಹಾಕ್ಕೊಳ್ಳಿ ಅಂತ. ನಮ್ಮೂರ ಪಡ್ಡೆಗಳು ಅದನ್ನ ಓದಿ, ಈಗ ದಿನಾ ಬೆಳಗ್ಗೆ ಬಾಯಿ ತುಂಬ ಮಂಡಕ್ಕಿ ಹಾಕ್ಕೊಂಡು ಫೋನ್ ಮಾಡಿ ಬೀಳುತ್ತಾ ಅಂತ ನೋಡ್ತಾವೆ. ಬೀಳಲ್ಲ. ತೇಪೆ ಇದೆಯಲ್ಲ.

ಇವತ್ತು ಮಧ್ಯಾಹ್ನ ಬಸಲಿಂಗ ಅಂತ ಒಬ್ಬ ಬಂದ. ನಾನು ಅವನನ್ನ ಯಾವತ್ತೂ ನೋಡಿಲ್ಲ. ಐಸ್ ಫ್ಯಾಕ್ಟರೀಲಿ ಕೆಲಸ, ಜೊತೆಯವನು ರಜೆ ಹಾಕಿದಾನೆ ಅಂತ ಎರಡು ದಿನದಿಂದ ಒಂದೇ ಸಮ ಡ್ಯೂಟಿ, ಮನೆಗೇ ಹೋಗಿಲ್ಲ. ಕಿಟಕೀಲಿ ಕೇಳಿದ್ರೆ ಅವನ ಮನೆಯಿಂದ ಎರಡೂ ಬೆಳಗ್ಗೆ ಕರೆ ಇಲ್ಲ.

"ನಮ್ಮಣ್ಣ ಮನೇಲಿದಾನೆ ಮೇಡಂ, ಕಾಲು ಮುರಿದು ಸಿಮೆಂಟ್ ಕಟ್ಟಿದಾರೆ, ಮಂಚದಿಂದ ಇಳಿಯಂಗಿಲ್ಲ" ಅಂದ. "ಫೋನ್ ಮಂಚದ ಪಕ್ಕಾನೇ ಇದೆ, ಮಾಡೇ ಮಾಡ್ತಾನೆ. ದಿನಾ ನಾನು ಹೇಳ್ತಿದ್ದೆ ಮಾತು. ಅವನಿಗೆ ಉಗ್ಗು. ಗಾಬರಿಯಾದ್ರೆ ಜಾಸ್ತಿ."

ನಾಳೆ ಬೆಳಗ್ಗೆ ಮೂರನೇದು. ನಾನು ಮಾಳಪ್ಪ ಸರ್ ಹತ್ರ ಓಡಿದೆ. "ನಿಯಮ ನಾನು ಮಾಡಿದ್ದಲ್ಲ ಮಂಜರಿ, ಹೊಡೆಯೋದು ಸರ್ವರು" ಅಂದ್ರು, ಅವರ ಮುಖಾನೂ ಸಪ್ಪಗಾಯ್ತು. ನದಿ ಆಚೆಗೆ ಸಂದೇಶ ಕಳಿಸ್ದೆ, ಆಗದ ಕರೆಗಳನ್ನ ಒಂದು ದಿನ ಇಟ್ಕೊಳ್ಳೋ ಹಂಗೆ ಮಾಡಿ ಕೊಡಿ ಅಂತ. "ತೂತು ಮುಚ್ಚಿ ಅಂತ ಬರೆದವರು ನೀವೇ, ಈಗ ತೂತು ವಾಪಸ್ ಬೇಕು ಅನ್ನೋರೂ ನೀವೇ" ಅಂತ ಉತ್ತರ ಬಂತು, ಕೆಳಗೆ ನಗೋ ಮುಖ ಬೇರೆ.

ನಾಳೆ ಸಂಜೆ ಸರ್ವರ್ ಆರ್ಸಿಟ್ರೆ ಹೆಸರು ಉಳೀಬಹುದು, ಆದ್ರೆ ಊರಿಗೆಲ್ಲ ಮನೆ ಸಿಗಲ್ಲ, ಅಣ್ಣ ಎಲ್ಲಿದಾನೆ ಅಂತಾನೂ ಗೊತ್ತಾಗಲ್ಲ. ಹಳೇ ಟೇಪು ನನ್ನ ಡ್ರಾಯರಲ್ಲಿದೆ. ಬೆಳಗಾಗೋ ಮುಂಚೆ ಅದನ್ನ ಹಾಕಿದ್ರೆ ಅಣ್ಣನ ಉಗ್ಗಿನ ಕರೆ ಗುಡ್ಡೇಲಿ ಸಿಗಬಹುದು. ಜೊತೆಗೆ ಮಂಡಕ್ಕಿ ಪಡ್ಡೆಗಳ ಕರೆಗಳೂ ಬಂದು ಬೀಳ್ತವೆ, ಆ ಮುಳ್ಳು ಕೆಂಪಿಗೆ ಹೋಗೋಕೆ ತಿಂಡಿ ಹೊತ್ತೂ ಬೇಡ. ಅವನ ಧ್ವನಿ ಸಿಗೋದ್ರೊಳಗೇ ಬಿದ್ರೂ ಬೀಳ್ಬಹುದು. ಬೆಳಗ್ಗೇನೇ ಬಿದ್ರೆ ಆಂಬುಲೆನ್ಸಿಗೂ ಮನೆ ಸಿಗಲ್ಲ, ಸ್ಕೂಲಿಂದ ಬರೋ ಮಕ್ಕಳಿಗೂ ಸಿಗಲ್ಲ. ಊರವರ ಗುಟ್ಟೆಲ್ಲ ಮತ್ತೆ ಎರಡು ಜೊತೆ ಕಿವಿಗೆ. ಅತ್ತೆಗೋಸ್ಕರ ಯೋಚನೆ ಮಾಡದೆ ಮಾಡ್ಬಿಟ್ಟೆ, ಅವಳ ಅವಲಕ್ಕಿ ತಿಂದು ಬೆಳೆದವಳು ನಾನು. ಈ ಬಸಲಿಂಗನ ಕೈಯಿಂದ ನಾನು ಒಂದು ಚೂರು ಐಸೂ ತಿಂದಿಲ್ಲ. ಅಣ್ಣನ ಹೆಸರೂ ನನಗೆ ಗೊತ್ತಿಲ್ಲ.

ಅವನು ಹೊರಗೆ ಬೆಂಚ್ ಮೇಲೆ ಕೂತಿದಾನೆ. ನಾನು ಟೈಪ್ ಮಾಡ್ತಿರೋದು ಕಿಟಕಿಯಿಂದ ಕಾಣ್ತಿದೆ ಅವನಿಗೆ, ಅವನ ಕೆಲಸಾನೇ ಮಾಡ್ತಿದೀನಿ ಅಂದ್ಕೊಂಡು ಆಗಾಗ ಕೈ ಎತ್ತಿ ನಮಸ್ಕಾರ ಮಾಡ್ತಿದಾನೆ. ಹೇಳಿ, ನನ್ನ ಜಾಗದಲ್ಲಿ ನೀವಿದ್ದಿದ್ರೆ ಏನ್ ಮಾಡ್ತಿದ್ರಿ?